ಕಿವಿಯೊಳಗೊಂದು ಮಗ್ಗ

ಮೊದಲ ದಿನ ಸದ್ದು ಕಳೆಯಲಿಲ್ಲ, ಕೂಡಿತು.
ಹೆಡ್‌ಫೋನು ಕಿತ್ತು ನನ್ನ ಕೈಗಿಟ್ಟು ಇಂದೂಬಾಯಿ
"ಏನೋ ತಮ್ಮಾ, ಹೊರಗಿನ ಎಂಟು ಮಗ್ಗ ಸಾಲದಂತ
ಕಿವಿಯಾಗ ಇನ್ನೊಂದು ಹೂಡೀಯಲ್ಲೋ" ಅಂದಳು.
ಸುತ್ತಲಿನವರು ನಕ್ಕರು. ನಕ್ಕದ್ದು ಕಂಡಿತು, ಕೇಳಲಿಲ್ಲ.
ಬೆಟಗೇರಿಯ ಆ ತಗಡಿನ ಸೂರಿನ ಕೆಳಗೆ
ನಗುವೆಂದರೆ ಬಾಯಿ ತೆರೆಯುವುದಷ್ಟೇ.

ತಪ್ಪು ಸಣ್ಣದು. ಸ್ಪೀಕರಿನ ಎರಡು ತಂತಿ ಅದಲುಬದಲು.
ಏರಿಗೆ ಇಳುವನ್ನು ಎದುರು ಹಿಡಿಯಬೇಕಾದಲ್ಲಿ
ಏರಿನ ಮೇಲೆ ಏರು ಹೇರಿದ್ದೆ.
ರೂಢಿ, ಮತ್ತೇನು? ಟಾಂಗಾಕೂಟದ ಹಿಂದಿನ ಸಂದಿಯಲ್ಲಿ
ಭಜನೆಯ ಆಂಪ್ಲಿಫೈಯರು, ಮದುವೆಯ ಮೈಕು,
ಎಲೆಕ್ಷನ್ನಿನ ಆಟೋದ ಹಾರ್ನು ರಿಪೇರಿ ಮಾಡುತ್ತ
ಇಪ್ಪತ್ತು ವರ್ಷ ಸದ್ದು ಹೆಚ್ಚಿಸಿ ಉಂಡವನು ನಾನು.
ಕಡಿಮೆ ಮಾಡಿಕೊಡು ಅಂದವಳು ಅವಳೊಬ್ಬಳೇ.
"ರಾತ್ರಿ ಮಗ್ಗ ನಿಂತರೂ ಇಲ್ಲಿ ನಿಲ್ಲೂದಿಲ್ಲ" ಎಂದು
ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದ್ದಳು.

ತಂತಿ ತಿರುವಿದೆ. ಈಗ ಗುಂಯ್ ಅನ್ನತೊಡಗಿತು.
ಮಗ್ಗದ್ದಲ್ಲ, ಕರೆಂಟಿನದು. ಅಡಾಪ್ಟರು ಕಿತ್ತೆಸೆದು
ಒಂಬತ್ತು ವೋಲ್ಟಿನ ಬ್ಯಾಟರಿಯೊಂದನ್ನೇ ನಂಬಿ
ಎರಡು ರೆಸಿಸ್ಟರುಗಳ ನಡುವೆ
ನಾಲ್ಕೂವರೆಗೆ ಒಂದು ಸುಳ್ಳು ನೆಲ ಕಟ್ಟಿದೆ.
ಸುಳ್ಳಾದರೇನು,
ಅಲೆಗೆ ಏಳಲು ಬೀಳಲು ಒಂದು ನೆಲ ಬೇಕು.

ಆಮೇಲೆ ಚೀರಾಟ.
ಗೇನು ಎಳ್ಳಷ್ಟು ಏರಿಸಿದರೆ ಕಿರ್ರ್,
ಬಟ್ಟಲನ್ನು ಕಿವಿಯಿಂದ ತುಸು ಎತ್ತಿದರೆ ಕಿರ್ರ್.
ಅಂಗಡಿಯ ಬೆಕ್ಕು ಎದ್ದು ಮನೆ ಬದಲಿಸಿತು.
ಮೈಕು ಕೇಳಿದ್ದನ್ನು ತಿರುವಿ ಸ್ಪೀಕರು ಹೇಳಬೇಕು,
ಅದೂ ಆ ಕ್ಷಣಕ್ಕೇ. ಒಂಚೂರು ತಡವಾಗಿ ಬಂದ ಅಲ್ಲ
ಬರುವಷ್ಟರಲ್ಲಿ ಹೌದಾಗಿಬಿಡುತ್ತದೆ.
ದಪ್ಪ ನಿಧಾನದ ಅಲೆಗಾದರೆ ವ್ಯವಧಾನವಿದೆ;
ಚೂಪು ಸದ್ದು ಕಾಯುವುದಿಲ್ಲ.
ಹದಿನಾರು ರಾತ್ರಿ ಕೆಪಾಸಿಟರು ಬದಲಿಸಿದೆ.
ಹುಬ್ಬಳ್ಳಿಯಿಂದ ತರಿಸಿದ ಎಂಟು ಕಾಲಿನ ಐಸಿ
ನಾಲ್ಕು ಸುಟ್ಟವು. ಒಂದರ ಪಾಪ ನನ್ನದೇ,
ನಿದ್ದೆಗಣ್ಣಲ್ಲಿ ಬ್ಯಾಟರಿ ತಿರುವಿ ಹಾಕಿದ್ದೆ.

ಕೊನೆಗೆ ಸೋತು ಮೇಲಿನ ಸ್ವರಗಳ ಕೈಬಿಟ್ಟೆ.
ಇಷ್ಟಕ್ಕೇ ನಿಲ್ಲು ಎಂದು ಅಡ್ಡ ಒಂದು ಫಿಲ್ಟರು ಹಾಕಿದೆ.
ಚೀರಾಟ ನಿಂತಿತು.
ಮೋಟಾರಿನ ಗುಡುಗು, ನೆಲದ ನಡುಕ
ನೀರಿಗಿಳಿದ ಎಮ್ಮೆಯ ಹಾಗೆ ಮುಳುಗಿದವು.
ಲಾಳಿಯ ಟಕ್ ಟಕ್ ಮಾತ್ರ ಹಾಗೇ ಉಳಿಯಿತು.
"ಅರ್ಧಾ ಕೆಲಸ, ಅಕ್ಕಾ" ಎಂದೆ, ತಲೆ ತಗ್ಗಿಸಿ.

ಅವಳು ಹಾಕಿಕೊಂಡು ಒಂದು ತಾಸು ನೇಯ್ದಳು.
ನಾನು ಕಂಬಕ್ಕೊರಗಿ ನಿಂತಿದ್ದೆ.
ಇದ್ದಕ್ಕಿದ್ದಂತೆ ಹಿಡಿಕೆ ಎಳೆದು ಮಗ್ಗ ನಿಲ್ಲಿಸಿ
ಲಾಳಿ ತೆಗೆದು ತೋರಿಸಿದಳು:
ಕಂಡಿಕೆಯಲ್ಲಿ ಇನ್ನೆರಡು ಸುತ್ತು ನೂಲು.
"ಮುಗಿಯೂ ಮುಂದ ಇದರ ದನಿ ಹಗೂರ ಆಗತೈತಿ.
ಇಷ್ಟು ಚೊಲೋ ನಾ ಎಂದೂ ಕೇಳಿದ್ದಿಲ್ಲ.
ಈ ಟಕ್ ಟಕ್ ತಗೀಬ್ಯಾಡ ಮತ್ತ."
ನಾನು ತೆಗೆಯಲಾಗದ್ದೆಂದು ಹೇಳಲಿಲ್ಲ.

ಸಂಜೆ ಎಂಟೂ ಮಗ್ಗ ನಿಂತ ಮೇಲೆ
ಮತ್ತೊಮ್ಮೆ ಕಿವಿಗಿಟ್ಟು ಸುಮ್ಮನೆ ಕೂತಳು.
ಬ್ಯಾಟರಿ ಇತ್ತು. ಸ್ವಿಚ್ಚು ಒತ್ತಿದ್ದೇ ಇತ್ತು.
ಅವಳ ಹುಬ್ಬು ಗಂಟಾದದ್ದು ಸಡಿಲಲಿಲ್ಲ.
"ಅದು ಒಳಗಿಂದು, ಅಕ್ಕಾ. ಮೈಕಿಗೆ ಸಿಗೂದಿಲ್ಲ."
ಇಂದೂಬಾಯಿ ಬಟ್ಟಲೊಳಗಿನ ಆ ಕಾಳಿನಷ್ಟು ಮೈಕನ್ನು
ಉಗುರಿನಿಂದ ಮುಟ್ಟಿ ನೋಡಿದಳು, ಕೂಸಿನ ಹಲ್ಲು ಮುಟ್ಟಿದಂತೆ.
"ಇರಲಿ ಬಿಡು. ಇದರ ಸೆಲ್ಲು ಎಷ್ಟು ದಿನ ಬರತೈತಿ?"

ಅಂಗಡಿಗೆ ಬಂದರೆ ಗಣಪತಿ ಮಂಡಳಿಯ ಹುಡುಗರು
ಮೊಳದುದ್ದದ ಸ್ಪೀಕರು ಮೆಟ್ಟಿಲ ಮೇಲಿಟ್ಟು ಕಾದಿದ್ದರು.
"ಕಾಕಾ, ಬೇಸ್ ಸಾಲವಲ್ದು."